ಮೇಲೇರದ ಲಿಫ್ಟಿಗೆ, ಮುಚ್ಚಿಹೋದ ಸುರಂಗದ ಪರವಾಗಿ

ಮಾನ್ಯ ಲಿಫ್ಟ್ ಮಹಾಶಯರೇ,

ಮಂಡ್ಯದ ಹೆದ್ದಾರಿಯ ಮೇಲಿನ ಹೊಸ ಸ್ಕೈವಾಕಿನ ಪಕ್ಕದಲ್ಲಿ ಗಾಜಿನ ಮೈ ಹೊತ್ತು, ಬಾಗಿಲು ಬಿಗಿದುಕೊಂಡು ನಿಂತಿರುವ ತಮಗೆ ದೇವೀರಮ್ಮ ಮಾಡುವ ನಮಸ್ಕಾರಗಳು. ನಾನು ಕೆರಗೋಡಿನ ಚೌಡಯ್ಯನವರ ಹಿರಿಯ ಮಗಳು, ಎಸ್.ಎಸ್.ಎಲ್.ಸಿ.ಯನ್ನು ಒಂದೇ ಸಲಕ್ಕೆ ಪಾಸು ಮಾಡಿದವಳು, ಐದು ಮಕ್ಕಳ ಮದುವೆಯನ್ನು ಮುಂದೆ ನಿಂತು ಮಾಡಿಸಿದವಳು. ನನ್ನನ್ನು ಕೇಳದೆ ನಮ್ಮ ಬೀದಿಯಲ್ಲಿ ಒಂದು ಲಗ್ನಪತ್ರಿಕೆಯೂ ಅಚ್ಚಿಗೆ ಹೋದದ್ದಿಲ್ಲ. ಯಾರ ಬಾಗಿಲಿಗೂ ಹೋಗಿ ನಿಂತವಳಲ್ಲ. ತಮ್ಮ ಬಾಗಿಲಿಗೆ ಮಾತ್ರ ಹನ್ನೆರಡು ಸಲ ಬಂದು ನಿಂತಿದ್ದೇನೆ.

ಮೊದಲಿಗೆ ತಮ್ಮ ಗುಣಗಾನ ಮಾಡಬೇಕು. ಉದ್ಘಾಟನೆಯ ದಿನ ಹಾರ ಹಾಕಿಸಿಕೊಂಡು ಒಮ್ಮೆ ಮೇಲೇರಿ ಇಳಿದ ತಾವು, ಆಮೇಲೆ ಹದಿನಾಲ್ಕು ತಿಂಗಳಾದರೂ ಏರುವ ಆಸೆಗಾಗಲಿ ಇಳಿಯುವ ಚಪಲಕ್ಕಾಗಲಿ ಒಳಗಾಗದೆ, ‘ದುರಸ್ತಿಯಲ್ಲಿದೆ’ ಎಂಬ ಬೋರ್ಡನ್ನು ಕೊರಳಿಗೆ ಹಾಕಿಕೊಂಡು ತಪಸ್ಸಿಗೆ ನಿಂತಿದ್ದೀರಿ. ಆಚೆ ತುದಿಯಲ್ಲಿರುವ ತಮ್ಮ ಸಹೋದರರೂ ಹಾಗೆಯೇ. ಇಂಥ ನಿಶ್ಚಲ ಮನಸ್ಸನ್ನು ನಾನು ಮಠಗಳಲ್ಲೂ ಕಂಡಿಲ್ಲ. ಆಯುಧಪೂಜೆಯ ದಿನ ಯಾರೋ ತಮ್ಮ ಮುಂದೆ ಬೂದುಗುಂಬಳ ಒಡೆದರು. ತಾವು ಅದಕ್ಕೂ ಅಲುಗಲಿಲ್ಲ.

ಆದರೆ ತಾವು ಬಂದಾಯಿತೆಂದು, ಕಳೆದ ಗೌರಿಹಬ್ಬ ಮುಗಿದ ಮೇಲೆ, ಒಂದೇ ಬೆಳಗ್ಗೆ ಟಿಪ್ಪರುಗಳಲ್ಲಿ ಮಣ್ಣು ಸುರಿದು ಮುಚ್ಚಿದರಲ್ಲ, ಆ ಅಂಡರ್‌ಪಾಸಿನ ಬಗ್ಗೆ ತಮಗೆ ಯಾರೂ ಹೇಳಿರಲಿಕ್ಕಿಲ್ಲ. ಮಳೆ ಬಂದರೆ ಅದರೊಳಗೆ ನೀರು ನಿಲ್ಲುತ್ತಿತ್ತು, ಒಪ್ಪುತ್ತೇನೆ. ಮೂರು ಟ್ಯೂಬ್‌ಲೈಟುಗಳಲ್ಲಿ ಎರಡು ಸತ್ತಿದ್ದವು, ಅದನ್ನೂ ಒಪ್ಪುತ್ತೇನೆ. ಆದರೆ ಅಲ್ಲಿ ಮೆಟ್ಟಿಲಿರಲಿಲ್ಲ, ಬರೀ ಇಳಿಜಾರು. ಮತ್ತು ಅದಕ್ಕೊಂದು ಮಧ್ಯವಿತ್ತು. ಆ ಮಧ್ಯದಲ್ಲಿ ನನ್ನ ಮಾನವಿತ್ತು.

ವಿಷಯ ಇಷ್ಟೇ. ನನ್ನ ಕಿರಿಯ ಮಗಳು ವೀಣಳನ್ನು ಹೆದ್ದಾರಿಯ ಆಚೆ ಬದಿಗೆ, ಸರಿಯಾಗಿ ನಮ್ಮ ಎದುರಿಗೇ, ಅಂಕಮ್ಮನವರ ಮನೆಗೆ ಕೊಟ್ಟೆವು. ಹನ್ನೊಂದು ವರ್ಷದ ಹಿಂದೆ ಅವರು ಹಾಕಿಸಿದ ಬೀಗರೂಟದಲ್ಲಿ ನಮ್ಮ ಕಡೆಯ ಪಂಕ್ತಿಗೆ ಬರೀ ಮೂಳೆ ಬಡಿಸಿದರು. ಕೇಳಿದ್ದಕ್ಕೆ ಬೀಗಿತ್ತಿ, “ಮೂಳೇಲೇ ರುಚಿ ಇರೋದು ಕಣಮ್ಮ, ತಿನ್ನಾಕೆ ಬರ್ಬೇಕು” ಎಂದರು. ಅವರಾಗಿ ಬರುವವರೆಗೆ ಅವರ ಹೊಸ್ತಿಲು ತುಳಿಯುವುದಿಲ್ಲವೆಂದು ನಾನು ಎಲೆ ಬಿಟ್ಟು ಎದ್ದೆ. ಅವರೂ ಅದೇ ಮಾತು ಆಡಿದರು.

ಆದರೆ ಗೌರಿಹಬ್ಬ ಯಾರ ಮುನಿಸನ್ನೂ ಕಾಯುವುದಿಲ್ಲ. ಮೊರದ ಬಾಗಿನ ತಾಯಿಯ ಕೈಯಿಂದಲೇ ಮಗಳಿಗೆ ಸಲ್ಲಬೇಕು, ಮಗಳು ಕೇಳಿಕೊಂಡು ತವರಿಗೆ ಬರಬಾರದು ಎಂಬುದು ನಮ್ಮ ಮನೆಯ ಪದ್ಧತಿ. ಹೀಗಾಗಿ ವರ್ಷವರ್ಷವೂ ನಾನು ಈ ತುದಿಯಲ್ಲಿ ನಿಂತು ಒಮ್ಮೆ ಕೆಮ್ಮುತ್ತಿದ್ದೆ. ಆ ತುದಿಯಲ್ಲಿ ವೀಣಳನ್ನು ಕರೆದುಕೊಂಡು ನಿಂತ ಅಂಕಮ್ಮನವರು ಒಮ್ಮೆ ಕೆಮ್ಮುತ್ತಿದ್ದರು. ಸುರಂಗ ಎರಡೂ ಕೆಮ್ಮನ್ನು ದೊಡ್ಡದು ಮಾಡಿ ತಲುಪಿಸಿದ ಮೇಲೆ ಇಬ್ಬರೂ ಏಕಕಾಲಕ್ಕೆ ಹೊರಟು, ಉರಿಯುತ್ತಿದ್ದ ಒಂದೇ ಟ್ಯೂಬ್‌ಲೈಟಿನ ಕೆಳಗೆ ಸೇರುತ್ತಿದ್ದೆವು. ನನಗೆ ಇಪ್ಪತ್ತೆರಡು ಹೆಜ್ಜೆ, ಅವರಿಗೆ ಇಪ್ಪತ್ತೈದು. ಆ ಮೂರು ಹೆಜ್ಜೆಯನ್ನು ನಾನು ಎಂದೂ ಆಡಿ ತೋರಿಸಿಲ್ಲ. ಯಾರೂ ಯಾರ ಮನೆಗೂ ಹೋದಂತಾಗುತ್ತಿರಲಿಲ್ಲ, ಬಾಗಿನವೂ ನಿಲ್ಲುತ್ತಿರಲಿಲ್ಲ.

ಈ ವರ್ಷ ಸುರಂಗವಿಲ್ಲ. ತಮ್ಮ ಪಕ್ಕದ ಐವತ್ತನಾಲ್ಕು ಮೆಟ್ಟಿಲು ನನ್ನ ಮಂಡಿಗೂ ಆಗದು, ಬೀಗಿತ್ತಿಯ ಮಂಡಿಗೂ ಆಗದು. ರಸ್ತೆಯ ನಡುವೆ ಕಬ್ಬಿಣದ ಬೇಲಿ. ಹಬ್ಬದ ಬೆಳಗ್ಗೆ ಮೊರ ಹಿಡಿದು ತಮ್ಮ ಮುಂದೆ ನಿಂತು, ಮೇಲೇರಲು ಮನಸ್ಸಿಲ್ಲದಿದ್ದರೆ ಬೇಡ, ಕೆಳಕ್ಕಾದರೂ ಇಳಿದು, ಮಣ್ಣು ಸೀಳಿಕೊಂಡು ಹೋಗಿ ನನ್ನನ್ನು ಆ ಹಳೆಯ ಟ್ಯೂಬ್‌ಲೈಟಿನ ಕೆಳಗೆ ಬಿಡಿ ಎಂದು ಕೇಳಿಕೊಂಡೆ. ತಾವು ಮೌನವ್ರತ ಮುರಿಯಲಿಲ್ಲ. ನಮ್ಮ ಯಜಮಾನರು ಲಿಂಗಯ್ಯನವರು, “ಓಗ್ಲಿ ಬುಡಮ್ಮಿ, ಬರೋ ವರ್ಸ ಕೊಟ್ರಾಯ್ತು” ಎಂದರು. ಬರುವ ವರ್ಷಕ್ಕೆ ಯಾರ ಮಂಡಿ ಎಲ್ಲಿರುತ್ತದೋ!

ಆಗ ಹೊಳೆಯಿತು. ನಮ್ಮ ಬದಿಯಲ್ಲಿ ಮದ್ದೂರಿಗೆ ಹೋಗುವ ಬಸ್ಸು ನಿಲ್ಲುತ್ತದೆ. ಮದ್ದೂರಿನಿಂದ ಬರುವ ಬಸ್ಸು ಆಚೆ ಬದಿಯಲ್ಲಿ, ಅಂಕಮ್ಮನವರ ಗೇಟಿನ ಮುಂದೆ ನಿಲ್ಲುತ್ತದೆ. ಹತ್ತಿಯೇಬಿಟ್ಟೆ. ಕಂಡಕ್ಟರು, “ಎಲ್ಲಿಗಮ್ಮೋ?” ಎಂದ. “ಎದುರುಮನೆಗೆ ಕಣಪ್ಪ” ಎಂದೆ. ಅವನು ನನ್ನ ಮುಖ ನೋಡಿ, ಮೊರ ನೋಡಿ, ಮದ್ದೂರಿಗೆ ಉಚಿತ ಟಿಕೆಟ್ಟು ಹರಿದುಕೊಟ್ಟ. ಮದ್ದೂರಿನ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಬದಲಿಸಿ, ಅರವತ್ತಡಿ ರಸ್ತೆಯನ್ನು ಎರಡು ಗಂಟೆಯಲ್ಲಿ ದಾಟಿದೆ.

ಅಂಕಮ್ಮನವರು ಜಗಲಿಯ ಮೇಲೆಯೇ ಇದ್ದರು. “ಏನ್ ಬೀಗಿತ್ತಿ, ಎಲ್ಲಿಂದ ಬಂದ್ರಿ?”

“ಮದ್ದೂರಿಂದ.”

“ಅಬ್ಬದ್ ದಿನ ಮದ್ದೂರ್ಗ್ಯಾಕೆ ಓಗಿದ್ರಿ?”

ನೆಂಟರಿಗೆ ಹುಷಾರಿಲ್ಲ, ನೋಡಿಕೊಂಡು ಬರುತ್ತಿದ್ದೆ ಎನ್ನಬೇಕೆಂದು ದಾರಿಯುದ್ದಕ್ಕೂ ಸಿದ್ಧಮಾಡಿಕೊಂಡಿದ್ದೆ. ಬಾಯಿಗೆ ಬಂದದ್ದು ಬೇರೆ. “ಇಲ್ಲಿಗೆ ಬರಾಕೆ ಕಣಮ್ಮ.”

ಅವರು ನಗಲಿಲ್ಲ. ಒಮ್ಮೆ ಕೆಮ್ಮಿದರು. ನಾನೂ ಕೆಮ್ಮಿದೆ. ಅವರು ಜಗಲಿ ಇಳಿದರು, ನಾನು ಗೇಟಿನಿಂದ ಒಳಕ್ಕೆ ಹೊರಟೆ. ಅಂಗಳದ ತೆಂಗಿನ ಮರದ ಬುಡದಲ್ಲಿ ಎದುರಾದೆವು. ವೀಣ ಓಡಿಬಂದು ಸೆರಗೊಡ್ಡಿದಳು. ಬಾಗಿನ ಕೊಟ್ಟಾದ ಮೇಲೆ, ಅಲ್ಲಿಂದಲೇ ಹಿಂತಿರುಗಬಹುದಿತ್ತು. ಹಿಂತಿರುಗಲಿಲ್ಲ. ಯಾರೂ ಕರೆಯುವ ಮೊದಲೇ ಹೊಸ್ತಿಲು ದಾಟಿ ಒಳಗೆ ಹೋಗಿ ಕುಳಿತೆ. ಈ ಪತ್ರವನ್ನೂ ಆ ಮನೆಯ ಜಗಲಿಯಿಂದಲೇ, ತಮ್ಮ ಸಹೋದರರ ಗಾಜಿನ ಬೆನ್ನನ್ನು ನೋಡುತ್ತ ಬರೆದಿದ್ದೇನೆ.

ತಮ್ಮನ್ನು ಇನ್ನು ಕಾಯದ, ಆದರೂ ತಮ್ಮ ವಿಶ್ವಾಸಿ,
ದೇವೀರಮ್ಮ

ತಾ.ಕ.: ಹಬ್ಬ ಕಳೆದು ಮೂರನೆಯ ದಿನವಾದ ಇಂದು ಬೀಗಿತ್ತಿ ಬಾಡೂಟ ಮಾಡಿದ್ದರು. ನನ್ನ ಎಲೆಗೆ ಬಿದ್ದದ್ದು ಈ ಸಲವೂ ಮೂಳೆಯೇ. ಆದುದರಿಂದ ತಾವು ದಯವಿಟ್ಟು ಬೇಗ ರಿಪೇರಿಯಾಗಬೇಕು. ಮುನಿಸಿಕೊಂಡು ಎದ್ದುಹೋಗುವವರು ಬಸ್ಸು ಬದಲಿಸಿಕೊಂಡು ಮನೆ ಸೇರುವಷ್ಟರಲ್ಲಿ ಸಿಟ್ಟೇ ಆರಿಹೋಗುತ್ತದೆ.