ಹಾಲಿನ ಲೋಟ ಮತ್ತು ನನ್ನ ವ್ಯಾಖ್ಯಾನ

ಸಿನಿಮಾ ನೋಡಿ ಬಂದವರು "ಕೊನೆಗೆ ಏನಾಯಿತೋ ತಿಳಿಯಲೇ ಇಲ್ಲ" ಎಂದು ತಲೆ ಕೆರೆದುಕೊಳ್ಳುವಾಗ ನನಗೆ ಅವರ ಮೇಲೆ ಕನಿಕರ ಬರುತ್ತಿತ್ತು. ನನಗೆ ತಿಳಿಯದ ಸಿನಿಮಾ ಎಂಬುದೇ ಇರಲಿಲ್ಲ. ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ ನಮ್ಮ ಮನೆ. ಹಗಲು ಹತ್ತಿ ಗಿರಣಿಯ ಆಫೀಸಿನಲ್ಲಿ ಗುಮಾಸ್ತಿಕೆ, ಸಂಜೆ ಕಟ್ಟೆಯ ಮೇಲೆ ಕೂತು ಸಿನಿಮಾ ವ್ಯಾಖ್ಯಾನ. ಎದುರುಮನೆಯ ಟೈಲರ್ ಬಷೀರ್ ಸಾಹೇಬರು ಪತ್ತೇದಾರಿ ಚಿತ್ರ ನೋಡಿ ಬಂದರೆ ತಮ್ಮ ಸಂಶಯಗಳನ್ನೆಲ್ಲ ನನ್ನ ಮುಂದೆ ಸುರಿಯುತ್ತಿದ್ದರು. ನಾನು ಒಂದೊಂದಾಗಿ ಬಿಡಿಸಿ ಕಳಿಸುತ್ತಿದ್ದೆ. ಈಗ ಯಾರಾದರೂ ಬಂದು "ಕೊಂದವರು ಯಾರು?" ಎಂದು ಕೇಳಿದರೆ ತಲೆನೋವು ಎಂದು ಹೇಳಿ ಒಳಗೆ ಹೋಗಿ ಮಲಗುತ್ತೇನೆ. ಆ ತಲೆನೋವು ಹತ್ತಿದ್ದು ಹರಿಹರದಲ್ಲಿ.

ಹರಿಹರ ನನ್ನ ಹೆಂಡತಿ ಗಿರಿಜಳ ತವರು. ಅವಳ ತಂಗಿ ವಿಮಲಳನ್ನು ನೋಡಲು ಭಾನುವಾರ ಗಂಡಿನವರು ಬರುವವರಿದ್ದರು. ವಿಮಲ ಗುಣದಲ್ಲಿ ಬಂಗಾರ, ಆದರೆ ಬಾಯಿ ಬಿಟ್ಟು ಮಾತಾಡುವವಳಲ್ಲ. ಹಿಂದೆ ಬಂದವರು "ಹುಡುಗಿ ಮಾತೇ ಆಡಲ್ಲ, ಏನು ಐಬೋ ಏನೋ" ಎಂದು ಬಿಟ್ಟು ಹೋಗಿದ್ದರು. ಈ ಹುಡುಗ ಮಲ್ಲೇಶಿ ದಾವಣಗೆರೆಯ ಜವಳಿ ಅಂಗಡಿಯವರ ಮಗ. ಅವನನ್ನು ವಿಮಲ ಯಾರದೋ ಮದುವೆಯಲ್ಲಿ ನೋಡಿದ್ದಳು. ಹೆಸರು ಎತ್ತಿದಾಗ ಎದ್ದು ಒಳಗೆ ಹೋಗಲಿಲ್ಲ. ಅವಳ ಮಟ್ಟಿಗೆ ಅದು ಭಾಷಣ! ಈ ಸಂಬಂಧವೊಂದು ಕೂಡಿ ಬರಲಿ ಎಂದು ಮನೆಯವರೆಲ್ಲ ಉಸಿರು ಬಿಗಿಹಿಡಿದು ಕೂತಿದ್ದರು.

ನಾವು ಶನಿವಾರವೇ ಹೋದೆವು. ಒಳಗೆ ಹೆಂಗಸರು ಮನೆ ಸಾರಿಸುತ್ತಿದ್ದರು. ಕಾಲಿಗೆ ಕಾಲು ತೊಡರಬಾರದೆಂದು ಮಾವನವರು ನನ್ನನ್ನು ಸಂಜೆಯ ಆಟಕ್ಕೆ ಕಳಿಸಿದರು. ಅಲ್ಲಿ ಒಂದು ಕೊಲೆಯ ಚಿತ್ರ ನಡೆಯುತ್ತಿತ್ತು. ದೊಡ್ಡ ಮನೆಯ ಯಜಮಾನ ಹಾಲು ಕುಡಿದು ಸಾಯುತ್ತಾನೆ. ಹಾಲು ತಂದುಕೊಟ್ಟವಳು ಸೊಸೆ. ಇಡೀ ಚಿತ್ರದಲ್ಲಿ ಅವಳು ಆಡುವ ಮಾತು ಬೆರಳೆಣಿಕೆಯಷ್ಟು. ಹಿತ್ತಲಲ್ಲಿ ಒಂದು ಶಾಲನ್ನು ಸುಡುತ್ತಾಳೆ. ಯಾರ ಶಾಲು? ಯಾಕೆ ಸುಟ್ಟಳು? ಹೇಳುವುದಿಲ್ಲ. ಕೊನೆಗೆ ಇನ್ಸ್‌ಪೆಕ್ಟರು ಮನೆಯವರನ್ನೆಲ್ಲ ಸಾಲಾಗಿ ನಿಲ್ಲಿಸಿ ಬೆರಳು ಎತ್ತುತ್ತಾನೆ, ಸೊಸೆಯ ಮುಖ ಪರದೆ ತುಂಬ ಬರುತ್ತದೆ. ಅಷ್ಟಕ್ಕೆ ದೀಪ ಹತ್ತಿತು.

ಬಹಳ ಹೊತ್ತು ಏನೂ ಇಲ್ಲ. ಜನ ಸಿಳ್ಳೆ ಹಾಕಿದರು. ಹೊರಗೆ ಬಂದು ನೋಡಿದರೆ ಟಾಕೀಸಿನ ಮ್ಯಾನೇಜರು ಗೇಟಿನಲ್ಲಿ ನಿಂತು ದಾವಣಗೆರೆಯ ರಸ್ತೆಯನ್ನೇ ನೋಡುತ್ತಿದ್ದರು. ನಾನು ಅದಕ್ಕೆ ಮಹತ್ವ ಕೊಡಲಿಲ್ಲ. ಒಳಗೆ ಬಂದು ಕೂತೆ. ಮತ್ತೆ ದೀಪ ಆರಿತು. ಪರದೆಯ ಮೇಲೆ 'ಶುಭಂ' ಎಂದು ಸ್ಲೈಡು ಬಿತ್ತು. ಬಾಗಿಲು ತೆಗೆದರು. ಜನ ಬೈಯುತ್ತಾ ಹೊರಟರು. ನಾನೊಬ್ಬ ಮಾತ್ರ ರೋಮಾಂಚನದಿಂದ ಕೂತೇ ಇದ್ದೆ. ಉತ್ತರವನ್ನು ಪ್ರೇಕ್ಷಕನ ಬುದ್ಧಿಗೇ ಬಿಟ್ಟುಬಿಟ್ಟಿದ್ದಾನಲ್ಲ! ಎಂಥ ನಿರ್ದೇಶಕ!

ಮನೆಗೆ ಬಂದು ಊಟದ ಹೊತ್ತಿಗೆ ಮಾವನವರಿಗೆ ಎಲ್ಲವನ್ನೂ ವಿವರಿಸಿದೆ. ಅವರು ರೊಟ್ಟಿ ಮುರಿಯುವುದನ್ನೂ ಮರೆತು ಕೇಳಿದರು. ಅವರಿಗೆ ಹೊಸಬರ ಮುಂದೆ ನಾಲಗೆಯೇ ಏಳುವುದಿಲ್ಲ, ಆ ಗುಣವೇ ವಿಮಲಳಿಗೂ ಬಂದದ್ದು.

"ನಾಳೆ ಬೀಗರ ಸಂಗಡ ಮಾತಾಡೋದು ನಿಮಗ ಬಿಟ್ಟಿದ್ದು ಅಳಿಯಂದ್ರೆ" ಎಂದರು. "ನಮ್ ಮನ್ಯಾಗ ಮಾತು ಬರೋರು ನೀವೊಬ್ರೇ."

ಗಿರಿಜ ಮಾತ್ರ ಆ ಕಡೆಯಿಂದ ನನ್ನನ್ನು ಒಂದು ಥರ ನೋಡಿದಳು. ಹೆಮ್ಮೆ ಇರಬೇಕೆಂದು ಅರ್ಥ ಮಾಡಿಕೊಂಡೆ.

ಮರುದಿನ ಗಂಡಿನವರು ಬಂದು ಜಮಖಾನದ ಮೇಲೆ ಕೂತರು. ತಂದೆ ವೀರಭದ್ರಪ್ಪನವರು ವಿಭೂತಿ ಧರಿಸಿದ ಗಂಭೀರ ಮನುಷ್ಯರು. ತಾಯಿ ಗೋಡೆ, ಜಂತಿ, ನನ್ನ ಅಂಗಿಯ ಗುಂಡಿ ಎಲ್ಲವನ್ನೂ ಪರೀಕ್ಷಿಸುತ್ತಿದ್ದರು. ಮಲ್ಲೇಶಿ ತಲೆ ತಗ್ಗಿಸಿ ಕೂತಿದ್ದ. ಮಳೆ, ಹತ್ತಿಯ ಧಾರಣೆ ಎಲ್ಲ ಮಾತಾಡಿ ಮುಗಿಯಿತು. ಮಾವನವರು ನನ್ನ ಕಡೆ ನೋಡಿದರು. ನಾನು ಗಂಟಲು ಸರಿ ಮಾಡಿಕೊಂಡು ಸಿನಿಮಾ ಎತ್ತಿದೆ.

"ನಮ್ ಮನ್ಯಾಗ ಯಾರೂ ಪಿಚ್ಚರ್ ನೋಡಲ್ರಿ" ಎಂದರು ವೀರಭದ್ರಪ್ಪನವರು.

ಜಾಣನಾದವನು ಅಲ್ಲಿಗೇ ನಿಲ್ಲಿಸುತ್ತಿದ್ದ. ಕತೆಯನ್ನು ಮೊದಲೇ ಕೇಳಿರದ ಇಂಥ ಶ್ರೋತೃಗಳು ಎಲ್ಲಿ ಸಿಗುತ್ತಾರೆ ಎಂದು ನನಗೆ ಹುಮ್ಮಸ್ಸು ಬಂತು. ಇದು ನೀತಿ ಹೇಳುವ ಚಿತ್ರ ಎಂದು ಪೀಠಿಕೆ ಹಾಕಿ, ಯಜಮಾನನ ಸಾವು, ಹಾಲಿನ ಲೋಟ, ಸುಟ್ಟ ಶಾಲು ಎಲ್ಲವನ್ನೂ ಸವಿಸ್ತಾರವಾಗಿ ನಿರೂಪಿಸಿದೆ. ಮಲ್ಲೇಶಿ ಒಮ್ಮೆ ತಲೆ ಎತ್ತಿ ಏನೋ ಹೇಳಲು ಬಂದು, ತಂದೆಯ ಮುಖ ನೋಡಿ ಮತ್ತೆ ತಗ್ಗಿಸಿದ. ಪಾಪ, ಸೂಕ್ಷ್ಮ ವಿಷಯ ತಲೆಗೆ ಹೋಗುತ್ತಿಲ್ಲ ಎಂದುಕೊಂಡು ಇನ್ನಷ್ಟು ಬಿಡಿಸಿ ಹೇಳಿದೆ. ತಾಯಿ ಮುಂದಕ್ಕೆ ಬಾಗಿ, "ಹಂಗಾರೆ ಕೊಂದೋರು ಯಾರ್ರಿ?" ಎಂದು ಕೇಳಿದರು.

ಇದಕ್ಕಾಗಿಯೇ ಕಾದಿದ್ದೆ. ಸೊಸೆಯೇ ಎಂದೆ. ಆಧಾರ ಕೊಡಬೇಕಲ್ಲ, ಕೊಟ್ಟೆ.

"ಮಾತಾಡೋ ಹೆಂಗಸಿನಿಂದ ಯಾವ ಅಪಾಯವೂ ಇಲ್ಲ ನೋಡ್ರಿ. ಬಾಯಿ ಬಿಡದೆ, ತಲೆ ಎತ್ತದೆ, ನೆಲ ನೋಡ್ಕಂಡು ಹಾಲಿನ ಲೋಟ ತಂದು ಕೊಡ್ತಾಳಲ್ಲ, ಅಂಥವಳನ್ನ ನಂಬಬಾರದು. ಒಳಗೆ ಏನೈತೋ ಯಾರಿಗೆ ಗೊತ್ತು?"

ಬಾಗಿಲ ಪರದೆ ಸರಿಯಿತು. ವಿಮಲ ಬಂದಳು. ಬಾಯಿ ಬಿಡದೆ, ತಲೆ ಎತ್ತದೆ, ನೆಲ ನೋಡಿಕೊಂಡು. ಕೈಯಲ್ಲಿ ತಟ್ಟೆ. ತಟ್ಟೆಯಲ್ಲಿ ಬಾದಾಮಿ ಹಾಲು!

ಕಾಫಿ ಮಾಡಬಾರದಿತ್ತೇ? ಬೀಗರೆಂದು ಬಾದಾಮಿ ತರಿಸಿ ಕಾಸಿದ್ದರಂತೆ. ವಿಮಲ ಪರದೆಯ ಹಿಂದೆ ನಿಂತು ನನ್ನ ಮಾತೆಲ್ಲ ಕೇಳಿಸಿಕೊಂಡಿದ್ದಳು. ಲೋಟಗಳು ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡುತ್ತಿದ್ದವು. ಆಡಿದ ಮಾತು ಯಾರ ಮೇಲೆ ಬಿತ್ತೆಂದು ಆ ಸದ್ದು ಕೇಳಿದ ಮೇಲೆ ನನಗೆ ಹೊಳೆಯಿತು. ಹುಡುಗನ ತಾಯಿ ಲೋಟ ತೆಗೆದುಕೊಂಡು, ಅದರೊಳಗೆ ನೋಡಿ, ಮೆಲ್ಲಗೆ ಕೆಳಗಿಟ್ಟರು. ವೀರಭದ್ರಪ್ಪನವರು ಲೋಟವನ್ನೇ ಮುಟ್ಟಲಿಲ್ಲ. ಪರಿಸ್ಥಿತಿ ಸರಿಪಡಿಸಲು ನಾನು, "ನಮ್ಮ ವಿಮಲ ಹಂಗಲ್ಲ, ಇವಳು ಇದುವರೆಗೆ ಯಾರಿಗೂ ಏನೂ ಮಾಡಿಲ್ಲ" ಎಂದೆ. ಪರದೆಯ ಹಿಂದಿನಿಂದ ಗಿರಿಜಳ ಬಳೆಗಳ ಸದ್ದು ಬಂತು. ಹಣೆ ಚಚ್ಚಿಕೊಂಡಳೆಂದು ಆಮೇಲೆ ತಿಳಿಯಿತು.

ವೀರಭದ್ರಪ್ಪನವರು ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡು, ತಿಳಿಸ್ತೀವಿ ಎಂದು ಏಳಲು ನೋಡಿದರು. ಆ ಮಾತಿನ ಅರ್ಥ ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ವಿಮಲಳ ಕಣ್ಣು ತುಂಬಿತು.

ಆಗ ಮಲ್ಲೇಶಿ ಬಾಯಿ ಬಿಟ್ಟ.

"ಅಪ್ಪಾಜಿ, ಆ ಪಿಚ್ಚರ್ ನಾ ನೋಡೀನಿ. ಶುಕ್ರವಾರ ಸರಕು ನೋಡಾಕ ರಾಣೆಬೆನ್ನೂರಿಗೆ ಹೋಗಿದ್ದಿಲ್ಲ. ಟಾಕೀಸ್‌ನ್ಯಾಗ ಇದ್ದೆ."

ಎಲ್ಲರೂ ಎಲ್ಲಿದ್ದರೋ ಅಲ್ಲೇ ಕೂತರು. ಮಲ್ಲೇಶಿ ನನ್ನ ಕಡೆ ತಿರುಗಿದ.

"ಎರಡೂ ಊರಿಗೆ ಒಂದೇ ಪ್ರಿಂಟ್ ರೀ. ನಮ್ಮಲ್ಲಿ ಓಡಿದ ರೀಲು ಡಬ್ಬಿಗೆ ಹಾಕಿ ಬಸ್ಸಿನ್ಯಾಗ ಹರಿಹರಕ್ಕೆ ಕಳಸ್ತಾರೆ. ನಿನ್ನೆ ರೈಲ್ವೆ ಗೇಟ್ ಬಿದ್ದು ಬಸ್ ನಿಂತಿರ್ಬೇಕು. ಕೊನೇ ರೀಲು ನೀವು ನೋಡೇ ಇಲ್ಲ. ಆ ಸೊಸಿ ಏನೂ ಮಾಡಿಲ್ರಿ. ನಾದಿನಿ ಬಾಳು ಹಾಳಾಗಬಾರ್ದು ಅಂತ ಅವಳ ಗಂಡನ ಶಾಲು ಸುಟ್ಟು ಸುಮ್ನಿದ್ಲು. ಕೊಂದೋನು ಆ ಮನಿ ಹಿರೇ ಅಳಿಯ. ಎಲ್ಲಾರಿಗೂ ಕತಿ ಹೇಳಿ ದಾರಿ ತಪ್ಪಿಸ್ತಿದ್ದೋನೂ ಅವನೇ."

ಮನೆಯವರು, ಬಂದವರು ಎಲ್ಲರೂ ಆ ಮನೆಯ ಹಿರಿಯ ಅಳಿಯನನ್ನು ನೋಡಿದರು. ಅಂದರೆ ನನ್ನನ್ನು!

ವೀರಭದ್ರಪ್ಪನವರು ಮಗನನ್ನು ಬಹಳ ಹೊತ್ತು ದಿಟ್ಟಿಸಿದರು. ಅಂಗಡಿ ಬಿಟ್ಟು ಸಿನಿಮಾಕ್ಕೆ ಹೋದದ್ದನ್ನು ಅವನು ಯಾರಿಗಾಗಿ ಒಪ್ಪಿಕೊಂಡ ಎಂದು ಅವರಿಗೆ ತಿಳಿಯಿತೆಂದು ಕಾಣುತ್ತದೆ. ತುಟಿಯ ಮೂಲೆಯಲ್ಲಿ ಸಣ್ಣಗೆ ನಕ್ಕರು. ಆ ಹೊತ್ತಿನಲ್ಲಿ ವಿಮಲ ಮುಂದೆ ಬಂದು ಹುಡುಗನ ತಾಯಿಯ ಮುಂದಿದ್ದ ಲೋಟ ಎತ್ತಿಕೊಂಡಳು.

"ಹಾಲು ಆರೈತ್ರಿ. ಬಿಸಿ ಮಾಡ್ಕಂಡು ಬರ್ತೀನಿ" ಎಂದಳು.

ಬಿಸಿ ಮಾಡಿ ತಂದ ಹಾಲನ್ನು ಆ ತಾಯಿ ಪೂರ್ತಿ ಕುಡಿದರು. ಸಂಬಂಧ ಗಟ್ಟಿಯಾಯಿತು. ನನ್ನ ಪಾಲಿಗೆ ಹಾಲು ಉಳಿಯಲಿಲ್ಲ, ಕೇಳುವ ಧೈರ್ಯವೂ ಇರಲಿಲ್ಲ. ಹೊರಡುವಾಗ ಮಾವನವರು ನನ್ನನ್ನು ಪಕ್ಕಕ್ಕೆ ಕರೆದು, ಮದುವೆಯ ದಿನ ಉಗ್ರಾಣದ ಜವಾಬ್ದಾರಿ ನಾನೇ ಹೊರಬೇಕೆಂದು ಬಹಳ ಮರ್ಯಾದೆಯಿಂದ ಕೇಳಿಕೊಂಡರು. ಅಲ್ಲಿ ಲಾಡು, ತೆಂಗಿನಕಾಯಿ ಬಿಟ್ಟರೆ ಮಾತು ಕೇಳುವವರು ಯಾರೂ ಇರುವುದಿಲ್ಲ.

ದಾವಣಗೆರೆಯ ಬಸ್ಸಿನಲ್ಲಿ ಗಿರಿಜ ಕಿಟಕಿಯ ಆಚೆ ನೋಡುತ್ತಾ ಕೂತಿದ್ದಳು. ನನಗೂ ಸಾಕಾಗಿತ್ತು. ಆದರೂ ಆದದ್ದೆಲ್ಲ ಒಳ್ಳೆಯದಕ್ಕೇ ಆಯಿತು, ನಾನು ಬಾಯಿ ಬಿಟ್ಟಿದ್ದರಿಂದಲೇ ಹುಡುಗನೂ ಬಾಯಿ ಬಿಟ್ಟ ಎಂದು ಸಣ್ಣ ದನಿಯಲ್ಲಿ ಹೇಳಿ ನೋಡಿದೆ. ಅವಳು ತಿರುಗಲಿಲ್ಲ.

"ನನ್ನ ನೋಡಾಕ ಬಂದ ದಿನಾನೂ ನೀವು ಹಿಂಗ ಮಾತಾಡಿದ್ರಿ" ಎಂದಳು. "ಆವತ್ತು ಮನ್ಯಾಗ ಎಲ್ಲಾರೂ, ಎಷ್ಟು ತಿಳಕಂಡಾರ ಅಂದ್ರು. ನಾನೂ ಹಂಗೇ ಅಂದ್ಕಂಡೆ."

ಆ ಮಾತಿನಲ್ಲಿ ನಾನು ವ್ಯಾಖ್ಯಾನ ಮಾಡುವಂಥದ್ದು ಏನೂ ಇರಲಿಲ್ಲ.