ಕಾರಿನ ಬಾಯಿ ಮುಚ್ಚಿಸಿದ್ದು

ಗಂಡ ಹೆಂಡತಿ ಮನಸ್ಸು ಬಿಚ್ಚಿ ಮಾತಾಡಲು ಏಕಾಂತ ಬೇಕು ಅನ್ನುತ್ತಾರೆ. ನನ್ನ ಅನುಭವದಲ್ಲಿ ಏಕಾಂತ ಬೇಡ, ಗಲಾಟೆ ಸಾಕು. ತುಂಬಿದ ಮನೆಯವರಾದ ನಮಗೆ ಆ ಗಲಾಟೆ ಒದಗಿಸಿದ್ದು ನನ್ನ ಹಳೇ ಕಾರು. ಎಂಜಿನ್ ಬಿಚ್ಚಿ ಮತ್ತೆ ಕಟ್ಟಿಸಿದ ಮೇಲೆ ಅದಕ್ಕೆ ಓಡುವ ಶಕ್ತಿಗಿಂತ ಕೂಗುವ ಶಕ್ತಿಯೇ ಹೆಚ್ಚಾಗಿ ಬಂದಿತ್ತು. ಭಾರತೀನಗರದ ಹತ್ತಿರ ಕಬ್ಬಿನ ಗಾಡಿಯ ಎತ್ತುಗಳು ಅದರ ಸದ್ದಿಗೆ ರಸ್ತೆ ಬಿಟ್ಟು ಗದ್ದೆಗೆ ಇಳಿಯುತ್ತಿದ್ದವು. ಸೈಲೆನ್ಸರ್ ತೂತಾಗಿದ್ದದ್ದು ಸರಿಯಾಗಿ ಹಿಂದಿನ ಸೀಟಿನ ಕೆಳಗೆ. ಅಲ್ಲಿ ಯಾರೇ ಕೂತಿರಲಿ, ಮುಂದೆ ನಾನೂ ನನ್ನ ಹೆಂಡತಿ ಸಾವಿತ್ರಿಯೂ ಅವರ ವಿಷಯವನ್ನೇ ಆರಾಮವಾಗಿ ಆಡಿಕೊಳ್ಳುತ್ತಿದ್ದೆವು. ನಾನು ವಕೀಲ, ಊರವರ ಗುಟ್ಟು ಕಾಯುವವನು. ನನ್ನ ಗುಟ್ಟು ಕಾಯುತ್ತಿದ್ದದ್ದು ಆ ಕಾರು.

ತಂಗಿ ನಾಗರತ್ನಳಿಗೆ ಮಂಡ್ಯದ ಹತ್ತಿರದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ಕೆಲಸದಲ್ಲಿದ್ದ ಹುಡುಗನ ಸಂಬಂಧ ಬಂತು. ಹುಡುಗ, ಹುಡುಗಿ ಇಬ್ಬರೂ ಒಪ್ಪಿದ್ದರು. ಆದರೆ ಆ ಮನೆಯಲ್ಲಿ ಕೊನೇ ಮಾತು ಹುಡುಗನ ಮಳವಳ್ಳಿಯ ಸೋದರಮಾವನದು. ಅವರನ್ನು ನಾನೇ ಮಂಡ್ಯಕ್ಕೆ ಕರೆತರಬೇಕಿತ್ತು. "ಈ ಕಾರಲ್ಲಿ ಕರ್ಕಬಂದ್ರೆ ಅವ್ರು ಉಡ್ಗಿ ನೋಡಕ್ಕೆ ಮುಂಚೆ ಕಿವಿ ಡಾಕ್ಟ್ರನ್ನ ನೋಡ್ಬೇಕಾಯ್ತದೆ ಕಣ್ಲಾ" ಅಂದಳು ನಮ್ಮವ್ವ. ಸರಿ, ಬೋರಣ್ಣ ಮೇಸ್ತ್ರಿಯ ಗ್ಯಾರೇಜಿಗೆ ಬಿಟ್ಟೆ. ಅವನು ಉದ್ದನೆಯ ಸ್ಕ್ರೂಡ್ರೈವರಿನ ಒಂದು ತುದಿಯನ್ನು ಎಂಜಿನ್ನಿಗೂ ಇನ್ನೊಂದನ್ನು ಕಿವಿಗೂ ಕೊಟ್ಟು, ಕಣ್ಣು ಮುಚ್ಚಿ ಆಲಿಸಿದ. ಟ್ಯಾಪೆಟ್ ಸರಿಮಾಡಿದ, ಕಾರ್ಬೊರೇಟರ್ ತಿರುವಿದ, ಹೊಸ ಸೈಲೆನ್ಸರ್ ಬಿಗಿದ. ಕೊನೆಗೆ ಓಡುತ್ತಿದ್ದ ಎಂಜಿನ್ ಮೇಲೆ ಎಂಟಾಣೆಯನ್ನು ನೆಟ್ಟಗೆ ನಿಲ್ಲಿಸಿ, "ಬೀಳ್ತದಾ ನೋಡಿ ಸಾ" ಅಂದ. ಬೀಳಲಿಲ್ಲ. ಖುಷಿಗೆ ನನ್ನ ಕಣ್ಣಲ್ಲಿ ನೀರೇ ಬಂತು.

ಹುಡುಗನ ಸೋದರಮಾವ ಬಂದರು, ರಾಗಿಮುದ್ದೆ ಉಂಡರು. "ಇಟ್ಟು ಬೆಣ್ಣೆ ಇದ್ದಂಗದೆ, ಒಂದು ಗಂಟಿಲ್ಲ. ಯಾರವ್ವಾ ತೊಳಸಿದ್ದು?" ಅಂದರು. "ನಮ್ಮ ನಾಗರತ್ನ" ಎಂದು ನಾನೇ ವಕೀಲನ ಧೈರ್ಯದಲ್ಲಿ ಹೇಳಿದೆ. ಸಂಜೆ ಅವರನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ನಾನೂ ಸಾವಿತ್ರಿಯೂ ಮಳವಳ್ಳಿಗೆ ಹೊರಟೆವು. ಮದ್ದೂರು ದಾಟಿದ ಮೇಲೆ, ಅಭ್ಯಾಸಬಲ ನೋಡಿ, ಎಂದಿನ ಗಂಟಲಲ್ಲೇ ಸಾವಿತ್ರಿಗೆ ಹೇಳಿದೆ: "ಮುದ್ಕಂಗೆ ಅನುಮಾನಾನೇ ಬರ್ಲಿಲ್ಲ ಕಣೆ! ಮುದ್ದೆ ತೊಳಸಿದ್ದು ನೀನು ಅಂತ ಗೊತ್ತಾಗಿದ್ರೆ ಕೆಟ್ಟಿತ್ತು. ನಮ್ ನಾಗಿ ತೊಳಸಿದ್ರೆ ಗಂಟು ಒಡೆಯಕ್ಕೆ ಸುತ್ತಿಗೆ ಬೇಕಾಯ್ತಿತ್ತು." ಅವಳು ಚಿವುಟಿದಳು. "ಯಾಕೆ ಚಿವುಟ್ತೀಯ?" ಅಂದೆ, ಇನ್ನೂ ಜೋರಾಗಿ. ಆಗ ಹಿಂದಿನಿಂದ ಕಟಕಟ ಅಡಿಕೆ ಕಡಿಯುವ ಸದ್ದು ಕೇಳಿಸಿತು. ಆ ಕಾರಿನಲ್ಲಿ ಅಡಿಕೆ ಕಡಿಯುವ ಸದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ. ಅದೂ ನಿಂತಿತು.

"ನಿಲ್ಸಪ್ಪ ಕಾರ್ನ." ನಿಲ್ಲಿಸಿದೆ. ತಂಗಿಯ ಮದುವೆ ಮುರಿದೇಹೋಯಿತು ಅಂದುಕೊಂಡೆ. ಅವರು ಇಳಿದು, ಎಲೆಯಡಿಕೆ ಉಗಿದು, ಮತ್ತೆ ಬಂದು ಕೂತು, "ಉಡ್ಗ ಫಾರಂ ಕ್ವಾಟ್ರಸ್ನಲ್ಲಿ ನಾಕ್ ವರ್ಸದಿಂದ ಅವ್ನೇ ಇಟ್ಟು ತೊಳಸ್ಕತಾವ್ನೆ. ಉಡ್ಗಿಗೂ ಕಲಿಸ್ತಾನೆ ಬುಡು. ಗಂಡೂ ಎಣ್ಣೂ ಈ ಕಾರಲ್ಲೇ ಬರ್ಲಿ, ಬಲು ಸುಕವಾಗದೆ. ಓಡ್ಸಕ್ಕೆ ಮಾತ್ರ ನೀನ್ ಬ್ಯಾಡ ಕಣಪ್ಪ" ಅಂದರು.

ಹಾಗೇ ಆಯಿತು. ಕಾರು ಓಡಿಸಿದ್ದು ನನ್ನ ಭಾವಮೈದುನ. ಮದುಮಕ್ಕಳ ಜೊತೆ ಸಾವಿತ್ರಿಯೂ ಅದರಲ್ಲೇ ಹೋದಳು. ನಾನು ಹಿಂದೆ, ದಿಬ್ಬಣದ ಬಸ್ಸಿನಲ್ಲಿ. ಏನು ಬೇಕಾದರೂ ಮಾತಾಡಬಹುದಾದಷ್ಟು ಗಲಾಟೆ ಅದರಲ್ಲಿತ್ತು. ಪಕ್ಕದಲ್ಲಿ ಕೂತಿದ್ದವರು ಮಾತ್ರ ಮಳವಳ್ಳಿಯ ಸೋದರಮಾವ.