ಹೊರಗುಳಿದ ಕೀಲಿ

"ಇನ್ನು ಮುಂದೆ ಈ ದಾರಿಯಲ್ಲಿ ಸೊಳ್ಳೆಯೂ ನುಸುಳಲಾರದು!" ಎಂದು ಅಚ್ಚುಕೂಟದ ಕರಡು ತಿದ್ದುವವನು ಭಾನುವಾರ ಬೆಳಗ್ಗೆ ಹೆಂಡತಿಯ ಮುಂದೆ ಘೋಷಿಸಿದ.

ದಾರಿಯೆಂದರೆ, ಅವನ ಮನೆಯ ಕಂಪ್ಯೂಟರಿನಿಂದ ಬೇರೆ ಊರಿನಲ್ಲಿದ್ದ ಅಕ್ಕನ ಮನೆಯ ಕಂಪ್ಯೂಟರಿಗೆ ಹೋಗುವ ದಾರಿ. ಆ ಕಂಪ್ಯೂಟರು ಭಾವನದು. ಭೂಗೋಳದ ಮೇಷ್ಟರಾಗಿದ್ದ ಭಾವ ತೀರಿಕೊಂಡು ಮೂರು ತಿಂಗಳಾಗಿತ್ತು. ಅಕ್ಕ ಅದಿದ್ದ ಕೋಣೆಯ ಬಾಗಿಲನ್ನು ಅಂದಿನಿಂದ ತೆರೆದಿರಲಿಲ್ಲ. ಒಳಗೆ ಯಂತ್ರವೊಂದೇ ಎಚ್ಚರವಾಗಿತ್ತು. ಅದರಲ್ಲಿ ಭಾವನ ಪಾಠಗಳ ಧ್ವನಿಮುದ್ರಣಗಳಿದ್ದವು. ಮಾರುತಗಳ ಪಾಠದ ನಡುವೆ ಒಮ್ಮೆ, "ಏ, ನನ್ನ ಕನ್ನಡಕ ಎಲ್ಲಿಟ್ಟೆ?" ಎಂದು ಅಕ್ಕನನ್ನು ಕೂಗಿದ್ದರು. ಅಕ್ಕ ತಮ್ಮನಲ್ಲಿ ತೆಗೆದುಕೊಡೆಂದು ಬೇಡಿದ್ದು ಆ ಮುದ್ರಣವೊಂದನ್ನೇ.

ಆದರೆ ಮೊದಲು ಭದ್ರತೆ! ಪಾಸ್‌ವರ್ಡನ್ನು ಕಳ್ಳರು ಊಹಿಸಿಯಾರು, ತನ್ನ ಕಂಪ್ಯೂಟರಿನಲ್ಲೇ ಇಟ್ಟುಕೊಳ್ಳುವ ಕೀಲಿ-ಕಡತವೇ ಶ್ರೇಷ್ಠ ಎಂದು ಅವನು ಓದಿದ್ದ. ಕೀಲಿಗೆ ಒಪ್ಪುವ ಬೀಗವನ್ನು ಭಾವನ ಯಂತ್ರದಲ್ಲಿ ಕೂರಿಸಿ, ಪರೀಕ್ಷಿಸಿ, ಕೊನೆಗೆ ಪಾಸ್‌ವರ್ಡಿನ ಬಾಗಿಲು ಮುಚ್ಚಬೇಕು. ಈ ಕ್ರಮವನ್ನು ದಿನಚರಿಗೆ ಇಳಿಸುವಾಗ ಕಸುಬು ಸುಮ್ಮನಿರಲಿಲ್ಲ. ಗಂಭೀರವಾದ ವಾಕ್ಯ ಮೊದಲಿದ್ದರೆ ಬರಹಕ್ಕೆ ತೂಕ ಎಂದು ಕೊನೆಯದನ್ನು ಮೇಲಕ್ಕೆ ತಂದ. ಬರೆದಂತೆಯೇ ನಡೆದ. ಬೀಗ ಕೂರಿಸುವ ಮೊದಲೇ ಪಾಸ್‌ವರ್ಡಿನ ಬಾಗಿಲು ಮುಚ್ಚಿ, ಅಚ್ಚುಕಟ್ಟಾಗಿ ಹೊರಬಂದು, ಮತ್ತೆ ಒಳಹೊಕ್ಕಲು ನೋಡಿದರೆ ಪ್ರವೇಶವಿಲ್ಲ!

"ಕೀಲಿ ಒಳಗೆ ಬಿಟ್ಟು ಬೀಗ ಹಾಕ್ಕೊಂಡೋರನ್ನ ನೋಡಿದ್ದೆ," ಎಂದಳು ಹೆಂಡತಿ. "ನೀವು ಕೀಲಿ ಕೈಯಲ್ಲಿ ಹಿಡ್ಕೊಂಡು ಬಾಗಿಲಿಗೆ ಗೋಡೇನೇ ಕಟ್ಟಿಬಿಟ್ರಲ್ರೀ!"

"ಅಕ್ಕ ಅದರ ಮುಂದೆ ಕೂತು ನಾಲ್ಕು ಅಕ್ಷರ ಟೈಪ್ ಮಾಡಿದ್ರೆ ಸರಿಹೋಗತ್ತೆ."

"ಆ ಕೋಣೇಲಾ? ಕೇಳಕ್ಕೆ ಬಾಯಿ ಬರತ್ತಾ ನಿಮಗೆ?"

ಬರಲಿಲ್ಲ. ಆದರೂ ಕೇಳಿದ.

ಫೋನಿನಲ್ಲಿ ಅಕ್ಕನ ಹೆಜ್ಜೆಗಳು ಕೇಳಿಸಿದವು. ಆಮೇಲೆ ಚಿಲಕದ ಸದ್ದು.

"ಎಲ್ಲ ಧೂಳು ಕಣೋ," ಎಂದಳು ಅಕ್ಕ. "ಕುರ್ಚಿ ಮೇಲೆ ಅವರ ಸ್ವೆಟರ್ ಹಾಗೇ ಇದೆ."

"ಅಕ್ಕ, ಬೇಡ ಅನ್ಸಿದ್ರೆ..."

"ಸುಮ್ನಿರು. ಪಾಸ್‌ವರ್ಡ್ ಕೇಳ್ತಿದೆ... ತಾಳು, ಪಕ್ಕದಲ್ಲಿ ಒಂದು ಚೀಟಿ ಅಂಟಿಸಿದಾರೆ. ಅವರದೇ ಅಕ್ಷರ."

ಓದುವಾಗ ಅವಳ ದನಿ ಮೊದಲ ಪದದಲ್ಲೇ ಒಡೆಯಿತು. "'ನಿನ್ನ ತಮ್ಮ ಫೋನಿನಲ್ಲಿದ್ದಾನಲ್ಲವೆ? ಏನನ್ನೋ ಭದ್ರ ಮಾಡಲು ಹೋಗಿರುತ್ತಾನೆ. ಪಾಸ್‌ವರ್ಡ್ ಕೆಳಗಿದೆ. ಅವನು ಹೇಳಿದಂತೆ ಮಾಡು. ಬೈಯಬೇಡ.'"

ಮುಂದಿನ ಅರ್ಧ ಗಂಟೆ ಅವನು ಒಂದೊಂದೇ ಅಕ್ಷರ ಹೇಳಿದ. ಅವಳು ಮೂಗೊರೆಸಿಕೊಳ್ಳುತ್ತ ಒತ್ತಿದಳು. ಬಾಗಿಲು ತೆರೆಯಿತು. ಭಾವನ ದನಿ ಕಳೆದುಹೋಗಿರಲಿಲ್ಲ.

"ಅಕ್ಕ, ಒಂದ್ಸಲ ಬೈದುಬಿಡೇ," ಎಂದ ಅವನು.

"ಇಲ್ಲ ಕಣೋ. ಅವರಿದ್ದಾಗ ಅವರ ಒಂದು ಮಾತೂ ಕೇಳಲಿಲ್ಲ ನಾನು. ಇದೊಂದಾದ್ರೂ ಕೇಳ್ತೀನಿ." ಅಕ್ಕ ತುಸು ಸುಧಾರಿಸಿಕೊಂಡಳು. "ಫೋನ್ ನಿನ್ನ ಹೆಂಡ್ತಿಗೆ ಕೊಡು. ಅವಳು ಬೈಯಬಾರದು ಅಂತ ಈ ಚೀಟೀಲಿ ಬರೆದಿಲ್ಲ."